ಧಣಿಯ ತಂಗಿ

ಭೂಗತ ಲೋಕದ ಹಳೆಯ ಪರಭಾಷಾ ಸಿನಿಮಾಗಳಿಗೆ ಡಬ್ಬಿಂಗ್ ಮಾಡುವ ಸ್ಟುಡಿಯೋ ಅದು. ಮಾಲೀಕ ಅವಳ ಅಣ್ಣ. ತೆರೆಯ ಮೇಲೆ ಬರುವ ಪಾತಕಿ ಮನೆತನಗಳ ಯಜಮಾನರಿಗೆಲ್ಲ ಅವನದೇ ಗಂಟಲು. ಕೆಲಸದವರು ಅವನನ್ನು ಧಣಿ ಎನ್ನುತ್ತಿದ್ದರು. ದನಿಯಿಂದಲೇ ಧಣಿಯಾದವನು ಎಂದು ಬೆನ್ನ ಹಿಂದೆ ನಗುತ್ತಿದ್ದರು. ಅವಳ ಪಾಲಿಗೆ ಬರುತ್ತಿದ್ದವರು ಆ ಯಜಮಾನರ ತಾಯಿ, ಹೆಂಡತಿ, ತಂಗಿಯರು. ಅವರಿಗೆ ಮಾತು ಕಡಿಮೆ. ಬಾಗಿಲ ಬಳಿ ನಿಂತು ಊಟ ಆರುತ್ತಿದೆ ಎನ್ನುವುದು, ಹೆಣದ ಮುಂದೆ ಬಿಕ್ಕುವುದು, ಅಷ್ಟೇ. ಬಿಕ್ಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅವಳ ಹಾಲುಹಲ್ಲು ಬಿದ್ದಿರಲಿಲ್ಲ. ಅಣ್ಣನೇ ಜಡೆ ಹೆಣೆಯುವುದನ್ನು ಕಲಿತ, ಜ್ವರ ಬಂದರೆ ಎದೆಗವಚಿಕೊಂಡು ಕೂತ. ಆ ಋಣ ಅವಳ ಮೈಗೆ ಅಂಟಿಕೊಂಡೇ ಇತ್ತು.

ಅವಳ ಗಂಡ ಅದೇ ಸ್ಟುಡಿಯೋದ ರೆಕಾರ್ಡಿಸ್ಟ್. ಬಾಯಿ ಮೆತ್ತಗೆ, ಕಿವಿ ಚುರುಕು. ಮೈಕಿನ ಮುಂದೆ ಅವಳು ಉಸಿರೆಳೆದ ರೀತಿಯಿಂದಲೇ ನೆಗಡಿಯಾಗಿದೆ ಎಂದುಬಿಡುತ್ತಿದ್ದ. ಪಕ್ಕದ ಬೀದಿಯಲ್ಲಿ ಹೊಸ ಸ್ಟುಡಿಯೋ ತೆರೆದಾಗ, ಕರೆದರೆಂದು ಹೋಗಿ ಅಲ್ಲಿನ ಯಂತ್ರಗಳನ್ನು ನೋಡಿ, ಅವರ ಜೊತೆ ಕೂತು ಊಟ ಮಾಡಿ ಬಂದ. ಸುದ್ದಿ ಧಣಿಯ ಕಿವಿಗೆ ಬಿತ್ತು.

ಮರುದಿನ ಎಲ್ಲರೂ ಸೇರಿದ್ದಾಗ ಧಣಿ ಚಹಾದ ಲೋಟ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಹೇಳಿದ.

"ನಮ್ಮನೆ ಅನ್ನ ತಿಂದೋನು ಎದುರಾಳಿ ಮನೇಲಿ ಕೈ ತೊಳೆದ್ರೆ, ಆಮೇಲೆ ಅವನಿಗೆ ಇಲ್ಲಿ ತಟ್ಟೆ ಇಡಲ್ಲ."

ಯಾವುದೋ ಸಿನಿಮಾದ ಡೈಲಾಗು ಎಂದುಕೊಂಡು ಇಬ್ಬರು ನಕ್ಕರು. ಧಣಿ ನಗಲಿಲ್ಲ. ಗಂಡ ಕೊರಳಲ್ಲಿದ್ದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಹೊರನಡೆದ. ಹೊಸ ಸ್ಟುಡಿಯೋದವರೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಧಣಿ ಫೋನು ಮಾಡಿ ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಊರಿನ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಅವನು ಬೇರೆ ಊರಿಗೆ ಹೊರಟು ನಿಂತ, ನೀನೂ ಬಾ ಎಂದ.

ಅವಳು ಅಣ್ಣನ ಹತ್ತಿರ ಹೋದಳು. ಗಂಡನ ಪರವಾಗಿ ತಾನೇ ತಪ್ಪಾಯಿತು ಎಂದಳು, ಕಾಲಿಗೆ ಬೀಳಲೂ ಬಗ್ಗಿದಳು. ಅಣ್ಣ ಮಾತಾಡುವ ಮುಂಚೆ ಮೂಗಿನಲ್ಲಿ ನಿಧಾನವಾಗಿ ಉಸಿರೆಳೆದ. ಆ ಉಸಿರು ಅವಳಿಗೆ ಗೊತ್ತಿತ್ತು. ಯಾರನ್ನಾದರೂ ಮುಗಿಸಿಬಿಡಿ ಎನ್ನುವ ಮುಂಚೆ ತೆರೆಯ ಯಜಮಾನರಿಗೆ ಅವನು ಕೊಡುತ್ತಿದ್ದದ್ದು ಅದೇ ಉಸಿರು.

"ಹೋಗೋದಾದ್ರೆ ಹೋಗು ಪುಟ್ಟಿ, ನಾನು ತಡೆಯಲ್ಲ. ಆದ್ರೆ ನಿನ್ನ ತಲೆ ಬಾಚಿದ ಕೈ ಇದು. ಇದನ್ನ ಬಿಟ್ಟು ಹೋದೋಳು ನಾನು ಸತ್ತಾಗ್ಲೂ ಬರಬಾರದು."

ಇದು ನಟನೆ ಎಂದು ಅವಳಿಗೆ ಅನ್ನಿಸಿತು. ಆದರೆ ಅವನ ಕಣ್ಣಲ್ಲಿ ನೀರಾಡುತ್ತಿತ್ತು, ಆ ನೀರು ನಿಜದ್ದು. ಯಾವುದು ಪಾತ್ರ, ಯಾವುದು ತಾನು ಎಂಬುದು ಅವನಿಗೇ ತಿಳಿಯದೆ ಹೋಗಿ ಎಷ್ಟೋ ಕಾಲವಾಗಿತ್ತು. ಅವಳು ಉಳಿದಳು. ಗಂಡ ಬಸ್ ನಿಲ್ದಾಣದಲ್ಲಿ ಕಾದೂ ಕಾದು, ಬಸ್ಸು ಹೊರಡುವಾಗ ಒಬ್ಬನೇ ಹತ್ತಿದ. ಮೊದಮೊದಲು ಫೋನು ಮಾಡುತ್ತಿದ್ದ. ಬರಬರುತ್ತ ಅದೂ ನಿಂತಿತು.

ವರ್ಷಗಳು ಉರುಳಿದವು. ಅತ್ತಿಗೆ ತೀರಿಕೊಂಡರು. ಅಣ್ಣನ ಗಂಟಲಲ್ಲಿ ಗಡ್ಡೆ ಬೆಳೆಯಿತು; ವೈದ್ಯರು ಅದನ್ನು ತೆಗೆದಾಗ ದನಿಯೂ ಅದರ ಜೊತೆ ಹೋಯಿತು. ಅವನ ಕುರ್ಚಿಗೆ ಅವನ ಮಗ ಬಂದ. ಒಂದು ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಮೈಕಿನ ಮುಂದೆ ಬೇರೊಬ್ಬಳು ನಿಂತಿದ್ದಳು.

"ನಿಮ್ಮ ದನಿಗೆ ವಯಸ್ಸಾಯ್ತು ಅತ್ತೆ," ಎಂದ ಅಣ್ಣನ ಮಗ. "ಮನೇಲಿ ಅಪ್ಪನ್ನ ನೋಡ್ಕೊಳ್ಳಿ. ಅದೂ ನಮ್ಮ ಕೆಲಸಾನೇ ಅಲ್ವಾ?"

ಗಾಜಿನಾಚೆ ಅಣ್ಣ ಕೂತಿದ್ದ. ಮಾತು ಹೋಗಿದ್ದರೇನು, ಮಗನಿಗೆ ಬೇಡ ಎಂದು ಕೈಯಾಡಿಸಲು ಅಡ್ಡಿಯಿರಲಿಲ್ಲ. ಅವಳು ನೋಡುತ್ತಲೇ ನಿಂತಳು. ಅವನು ಕತ್ತಿನ ಬಟ್ಟೆಯನ್ನು ಸರಿಪಡಿಸಿಕೊಂಡು ತೆರೆಯ ಕಡೆ ತಿರುಗಿದ.

ಅವಳು ಧೈರ್ಯ ಮಾಡಿ ಪಕ್ಕದ ಬೀದಿಯ ಸ್ಟುಡಿಯೋಗೆ ಹೋದಳು. ಮ್ಯಾನೇಜರು ಕೂರಿಸಿ ನೀರು ಕೊಟ್ಟ, ಅವಳ ಕೆಲಸವನ್ನು ಬಾಯ್ತುಂಬ ಹೊಗಳಿದ.

"ಆದ್ರೆ ನೀವು ಆ ಮನೆಯೋರಮ್ಮ," ಎಂದ. "ನಮ್ಮೋರು ಒಪ್ಪಲ್ಲ."

ಮನೆಗೆ ಬಂದಾಗ ಎಲ್ಲಿಗೆ ಹೋಗಿದ್ದೆ ಎಂದು ಅಣ್ಣ ಕೈಸನ್ನೆಯಲ್ಲಿ ಕೇಳಿದ. ಔಷಧಿ ಅಂಗಡಿಗೆ ಎಂದಳು. ಅವನು ಅವಳ ಬರಿಗೈಯನ್ನು ನೋಡಿದ. ಅವಳು ಅನ್ನವನ್ನು ನುಣ್ಣಗೆ ಕಿವುಚಿ ಅವನ ಮುಂದಿಟ್ಟು, ಪ್ರತಿ ತುತ್ತೂ ಗಂಟಲಿಳಿಯುವವರೆಗೆ ಪಕ್ಕದಲ್ಲೇ ನಿಂತಳು.