ಇಲ್ಲಿ ಆಡಿದ್ದು ಇಲ್ಲೇ

ಶೈಲಾ, ನಿನ್ನ ಕೆಲಸ ಹೋಗುವಂತೆ ಮಾಡಿದವಳು ನಾನು. ಮೇಡಂ ಅಲ್ಲ, ನಾನು. ನೀನು ನಂಬಿ ಹೇಳಿದ ಮಾತನ್ನು ಅವರ ಕೋಣೆಗೆ ಒಯ್ದೆ — ಒಯ್ದು, ಏನೂ ಅರಿಯದವಳ ಹಾಗೆ ಹೊರಗೆ ಬಂದು ನಿನ್ನ ಜೊತೆ ಕಾಫಿ ಕುಡಿದೆ.

ವಿಜಯನಗರದ ಆ ಬಾಡಿಗೆ ಮಹಡಿ ನಿನಗೆ ನೆನಪಿರುತ್ತದೆ. ಮಲಗುವ ಕೋಣೆಗಳಿಗೆ ಪ್ಲೈವುಡ್ ಅಡ್ಡ ಹಾಕಿ ಮಾಡಿದ ಗೂಡುಗಳು, ಒಂದೊಂದರಲ್ಲಿ ಒಂದೊಂದು ಫೋನು. ಬದುಕು ಸಾಕಾಯಿತು ಎನ್ನುವವರು ನಮ್ಮ ಸಹಾಯವಾಣಿಗೆ ಕರೆ ಮಾಡುತ್ತಿದ್ದರು, ನಾವು ಕೇಳಿಸಿಕೊಳ್ಳುತ್ತಿದ್ದೆವು. ಒಂದು ಕರೆ ಮುಗಿಸಿ ನೀರು ಕುಡಿಯುವಷ್ಟರಲ್ಲಿ ಇನ್ನೊಂದು. ಇದು ಸೇವೆ, ನೌಕರಿ ಅಲ್ಲ ಎನ್ನುತ್ತಿದ್ದರು ಸಂಸ್ಥೆ ನಡೆಸುವ ಮೇಡಂ. ರಜೆ ಕೇಳಲು ಹೋದಾಗಲೆಲ್ಲ ಇದೇ ಮಾತು.

ಸೋಮವಾರ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ವೃತ್ತವಾಗಿ ಕೂರುವುದು ನಮ್ಮಲ್ಲಿ ರೂಢಿ. ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಬೇಕು, ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ — ಹಾಗೆಂದು ಪ್ರತಿ ವಾರ ಶುರು ಮಾಡುತ್ತಿದ್ದವಳು ನಾನೇ, ಹಿರಿಯ ಸಲಹೆಗಾರ್ತಿ. ಎಲ್ಲರೂ ಟ್ರಾಫಿಕ್ಕು, ಸೊಂಟನೋವು ಎಂದು ಜಾರಿಕೊಳ್ಳುತ್ತಿದ್ದರು. ಜಾರಿಕೊಳ್ಳಲು ಬಾರದವಳು ನೀನೊಬ್ಬಳೇ, ಪೆದ್ದಿ.

"ಅಕ್ಕಾ, ಫೋನ್ ರಿಂಗಾದ್ರೆ ಎತ್ತಕ್ಕೆ ಕೈಯೇ ಬರಲ್ಲ. ಶನಿವಾರ ಒಂದ್ ಕಾಲ್ ಎತ್ತಲೇ ಇಲ್ಲ. ಸುಮ್ನೆ ನೋಡ್ತಾ ಕೂತಿದ್ದೆ" ಎಂದೆ ನೀನು.

ನಾನು ನಿನ್ನ ಕೈ ಹಿಡಿದು, "ಹೇಳ್ಕೊಂಡಿದ್ದು ಒಳ್ಳೇದಾಯ್ತು ಕಣೇ" ಎಂದೆ. ಆ ಹೊತ್ತಿನಲ್ಲಿ ಅದು ಸುಳ್ಳಾಗಿರಲಿಲ್ಲ — ಅಥವಾ, ಹಾಗೆಂದುಕೊಳ್ಳಲು ನನಗೆ ಇಷ್ಟ.

ಅದೇ ವಾರ ಮೇಡಂ ನನ್ನನ್ನು ಕರೆದರು. "ಕಾಲ್‌ಗಳು ಮಿಸ್ ಆಗ್ತಾ ಇವೆ. ಫಂಡ್ ಕೊಡೋರು ಕೇಳ್ತಿದಾರೆ. ಯಾರು ಎತ್ತುತ್ತಾ ಇಲ್ಲ?"

ಯಾವ ವೃತ್ತದಲ್ಲೂ ನಾನು ಹೇಳದ ಸತ್ಯವೊಂದಿದೆ. ಎತ್ತದೆ ಬಿಟ್ಟ ಆ ಕರೆಗಳಲ್ಲಿ ಹೆಚ್ಚಿನವು ನನ್ನ ಫೋನಿಗೆ ಬಂದವು. ಗೂಡಿನ ಬಾಗಿಲು ಹಾಕಿಕೊಂಡು, ಫೋನಿನ ಸದ್ದು ತಗ್ಗಿಸಿ, ಕೆಳಗೆ ಮಾರ್ಕೆಟ್ಟಿನಲ್ಲಿ ಹೂವಿನವರು ಕೂಗುವುದನ್ನು ಕೇಳುತ್ತ ಕೂರುತ್ತಿದ್ದೆ. ನನಗೂ ಎತ್ತಲು ಕೈ ಬರುತ್ತಿರಲಿಲ್ಲ ಶೈಲಾ.

ಆದರೂ ಬಾಯಿಗೆ ಬಂದದ್ದು ನಿನ್ನ ಹೆಸರು. "ಶೈಲಾಗೆ ಸ್ವಲ್ಪ ಕಷ್ಟ ಆಗ್ತಿದೆ ಮೇಡಂ. ಫೋನ್ ಎತ್ತಕ್ಕೆ ಆಗ್ತಿಲ್ಲ ಅಂತ ಅವಳೇ ಹೇಳಿದ್ಲು." ಎಷ್ಟು ಮೆತ್ತಗೆ ಹೇಳಿದೆ! ಕಾಳಜಿ ಎಂದೇ ಕೇಳಿಸಬೇಕು, ಹಾಗೆ. ಈ ದನಿ ನಮ್ಮ ಕಸುಬಿನವರಿಗೆ ಚೆನ್ನಾಗಿ ಬರುತ್ತದೆ. ಮೇಡಂ ಕೂಡ ಅದೇ ದನಿಯಲ್ಲಿ, "ಪಾಪ, ಅವಳಿಗೆ ರೆಸ್ಟ್ ಬೇಕು" ಎಂದರು. ತಿಂಗಳ ಕೊನೆಗೆ ನಿನ್ನನ್ನು ಕರೆದು, ಇನ್ನು ಬರುವುದು ಬೇಡ ಎಂದರು.

ಬೀಳ್ಕೊಡುಗೆಗೂ ಅದೇ ಚಾಪೆ, ಅದೇ ವೃತ್ತ. ಒಬ್ಬೊಬ್ಬರಾಗಿ ನಿನ್ನನ್ನು ಹೊಗಳಿದೆವು. ಕೊನೆಗೆ ನೀನು ನನ್ನ ಕಡೆ ತಿರುಗಿ, "ಅಕ್ಕಾ, ಇಲ್ಲಿ ನನ್ ಮಾತನ್ನ ಸರಿಯಾಗಿ ಕೇಳಿಸ್ಕೊಂಡಿದ್ದು ನೀವೊಬ್ರೇ" ಎಂದೆ. ನಾನು ನಿನ್ನನ್ನು ತಬ್ಬಿಕೊಂಡೆ. ಹೇಗೆ ತಬ್ಬಿಕೊಂಡೆನೋ —

ವರ್ಷಗಳಾದವು. ನೀನು ಇನ್ನೊಂದು ಕಡೆ ಕೆಲಸ ಕೇಳಲು ಹೋದಾಗ, ನಮ್ಮ ಸಂಸ್ಥೆಯವರು ನಿನ್ನ ಬಗ್ಗೆ ಏನು ಹೇಳಿದರೋ, ಅದೂ ಕೈತಪ್ಪಿತಂತೆ. ಆಮೇಲೆ ಈ ಕಸುಬನ್ನೇ ಬಿಟ್ಟೆಯಂತೆ. ಕೇಳಿದ ದಿನದಿಂದ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮಲ್ಲತ್ತಹಳ್ಳಿ ಕೆರೆ ಪಕ್ಕದ ನಿನ್ನ ಬೀದಿಯ ತನಕ ಎಷ್ಟೋ ಸಲ ಬಂದಿದ್ದೇನೆ. ತಿರುವಿನಲ್ಲಿ ಎಳನೀರು ಕುಡಿದು, ಬಸ್ ಹತ್ತಿ ವಾಪಸಾಗಿದ್ದೇನೆ.

ಮೊನ್ನೆ ಸೋಮವಾರ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ವೃತ್ತದಲ್ಲಿ, "ಅಕ್ಕಾ, ನಂಗೆ ಫೋನ್ ಸದ್ದು ಕೇಳಿದ್ರೆ..." ಎಂದು ಬಾಯಿ ತೆರೆದಳು. ನಾನು ಗಾಬರಿಬಿದ್ದು ಮಾತನ್ನು ಪಕ್ಕದವಳ ಕಡೆ ತಿರುಗಿಸಿಬಿಟ್ಟೆ. ಅವಳನ್ನು ಉಳಿಸಿದೆ ಎಂದುಕೊಂಡೆ. ಅವಳು ಚಾಪೆಯ ಅಂಚು ಕೀಳುತ್ತ ಕೂತಳು.

ನಿನಗೆ ಮೊದಲು ಹೇಳಬೇಕಿತ್ತು, ಹೇಳಿದ್ದೇನೆ. ಕ್ಷಮೆ ಕೇಳಲಾರೆ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಗೊತ್ತು. ಬರುವ ಸೋಮವಾರ ಮೇಡಂ ಅವರನ್ನೂ ಚಾಪೆಯ ಮೇಲೆ ಕೂರಿಸುತ್ತೇನೆ. ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ ಎಂದು ಈ ಸಲ ಶುರು ಮಾಡುವುದಿಲ್ಲ. ಉಳಿಯಲಿಲ್ಲ, ಹೊರಗೆ ಒಯ್ದವಳು ನಾನು, ಎತ್ತದೆ ಬಿಟ್ಟ ಆ ಕರೆಗಳು ನನ್ನವು ಎಂದು ಶುರು ಮಾಡುತ್ತೇನೆ.