ಸದ್ದಿಲ್ಲದೆ ಬರುತ್ತಿದ್ದ ಕಾರು

ಪೆಟ್ರೋಲ್ ಉಳಿಯುತ್ತದೆ ಅಂತಲೇ ಹೈಬ್ರಿಡ್ ಕಾರು ಕೊಂಡೆ ಎಂದು ನಮ್ಮವರು ಎಲ್ಲರಿಗೂ ಹೇಳುತ್ತಿದ್ದರು. ಅವರಿಗೆ ಅದರ ಮೇಲೆ ಆಸೆ ಹುಟ್ಟಿದ್ದು ಬೇರೆಯೇ ಕಾರಣಕ್ಕೆ. ಮೆಲ್ಲಗೆ ಹೋಗುವಾಗ ಅದು ಬರೀ ಬ್ಯಾಟರಿಯಲ್ಲಿ ಓಡುತ್ತದೆ, ಇಂಜಿನ್ ಸದ್ದೇ ಇರುವುದಿಲ್ಲ. ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಲ್ಲಿ ಅವರಿಗೆ ಕೆಲಸ. ಸಂಜೆ ಹೊಳೆನರಸೀಪುರಕ್ಕೆ ಬಂದು ನಮ್ಮ ಬೀದಿಗೆ ತಿರುಗುತ್ತಿದ್ದಂತೆ ಪೆಡಲಿನ ಮೇಲಿನ ಕಾಲು ಹಗುರ ಮಾಡುತ್ತಿದ್ದರು. ಕಾರು ಬೆಕ್ಕಿನ ಹಾಗೆ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. ಹಿತ್ತಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದ ತಾಯಿಯ ಬೆನ್ನ ಹಿಂದೆ ಹೋಗಿ, "ಅವ್ವಾ, ಹೊಟ್ಟೆ ಹಸೀತಾ ಅದೆ" ಎನ್ನುವರು. ಅತ್ತೆ ಬೆಚ್ಚಿಬಿದ್ದು, "ಥೂ ನಿನ್ನ! ಕಳ್ಳ ಬಂದಂಗೆ ಬತ್ತೀಯಲ್ಲೋ" ಎಂದು ಬೈಯುವರು. ಆಗಲೇ ತಲೆ ನರೆಯತೊಡಗಿದ್ದ ಮಗ, ಎಪ್ಪತ್ತು ದಾಟಿದ ತಾಯಿ. ದಿನವೂ ಅದೇ ಆಟ. ಇಬ್ಬರಿಗೂ ಬೇಸರವೇ ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಹರಾಜು ನಡೆಯುತ್ತಿರುವಾಗಲೇ ನಮ್ಮವರು ಎದೆ ಹಿಡಿದುಕೊಂಡು ಕುಸಿದರು. ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದು ಶಾಲೆಗೆ ಫೋನು ಬಂತು. ನಾನು ಅರಕಲಗೂಡು ಕಡೆಯ ಒಂದು ಹೈಸ್ಕೂಲಿನಲ್ಲಿ ಟೀಚರು. ಸಿಕ್ಕ ಬಸ್ಸು ಹತ್ತಿ ಹಾಸನಕ್ಕೆ ಓಡಿದೆ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಕಾರು ತಗಡಿನ ಶೀಟಿನ ಕೆಳಗೆ ಹಾಗೇ ನಿಂತಿತ್ತು. ಅದರ ಬಳಿ ಹೋಗಲು ನನಗೆ ಮನಸ್ಸೇ ಆಗಲಿಲ್ಲ. ಬೇಸಿಗೆ ರಜೆಯಲ್ಲಿ ಅತ್ತೆಯೇ, "ಬಾಗೂರಲ್ಲಿ ನನ್ ತಂಗಿ ಮಂಡಿನೋವಲ್ಲಿ ಮಲಗವ್ಳೆ, ವಸಿ ನೋಡ್ಕಂಡು ಬರಾನ ನಡಿ" ಅಂದರು. ನನಗೆ ಕಾರು ಕಲಿಸಿದ್ದು ನಮ್ಮವರೇ. ಹೆದರುತ್ತಲೇ ತೆಗೆದೆ.

ಅತ್ತೆಗೆ ಏಸಿ ಆಗುವುದಿಲ್ಲ. ಅದನ್ನು ಆರಿಸಿ ಕಿಟಕಿ ಇಳಿಸಿದೆವು. ಹಿಂದಿನ ಸೀಟಿನ ತುಂಬ ಅವರ ದಿಂಬು, ಶಾಲು. ಬರುವಾಗ ತಂಗಿ ಮನೆಯವರು ಕೊಟ್ಟ ತೆಂಗಿನಕಾಯಿ ಚೀಲವೂ ಸೇರಿತು. ಚನ್ನರಾಯಪಟ್ಟಣ ದಾಟಿ ಸ್ವಲ್ಪ ದೂರಕ್ಕೆ ಪರದೆಯ ಮೇಲೆ ಹಳದಿ ಅಕ್ಷರದಲ್ಲಿ ಎಚ್ಚರಿಕೆ ಬಂತು. ಇಂಜಿನ್ ಒಂದೇ ಸಮನೆ ಅರಚತೊಡಗಿತು, ಎಷ್ಟು ತುಳಿದರೂ ಗಾಡಿಗೆ ಉಸಿರಿಲ್ಲ. ಹೇಗೋ ಮನೆ ಸೇರಿದೆವು.

ಮಾರನೆಯ ದಿನ ಅತ್ತೆಯ ಕಣ್ಣು ತೋರಿಸಲು ಹಾಸನಕ್ಕೆ ಹೋಗುವುದಿತ್ತು. ಹಾಗೇ ಗ್ಯಾರೇಜಿಗೂ ಹೋದೆವು. ಮೆಕ್ಯಾನಿಕ್ ಹಿಂದಿನ ಬಾಗಿಲು ತೆಗೆದು ಸೀಟಿನ ಕೆಳಗಿದ್ದ ಒಂದು ಜಾಲರಿ ತೋರಿಸಿದರು.

"ಮೇಡಮ್, ದೊಡ್ಡ ಬ್ಯಾಟರಿ ಇರೋದು ಈ ಸೀಟಿನ ಕೆಳಗೆ. ನೀವು ಕೂತಿರೋ ಕಡೆ ಗಾಳಿನೇ ಈ ಜಾಲರಿಯಿಂದ ಎಳ್ಕೊಂಡು ಅದು ತಣ್ಣಗಾಗೋದು. ಒಳಗಡೆ ನೀವು ಬೆಂದ್ರೆ ಅದೂ ಬೇಯುತ್ತೆ. ಇದರ ಮೇಲೆ ಚೀಲ, ದಿಂಬು ಇಟ್ರೆ ಅದಕ್ಕೆ ಉಸಿರು ಕಟ್ಟುತ್ತೆ. ಆಗ ಬ್ಯಾಟರಿ ಕೈಬಿಡುತ್ತೆ, ಇಂಜಿನ್ನೇ ಎಳೀಬೇಕು."

ಪಕ್ಕದಲ್ಲಿ ನಿಂತಿದ್ದ ಅತ್ತೆ, "ಅದ್ಕೇಯಾ ಅಂಗೆ ಸದ್ದು ಮಾಡಿದ್ದು?" ಎಂದು ಕೇಳಿದರು. "ಹೂಂ ಅಜ್ಜಿ, ಇದನ್ನ ಮುಚ್ಚಿದ್ರೆ ಸದ್ದು ಗ್ಯಾರಂಟಿ" ಎಂದು ಅವರು ನಕ್ಕರು.

ಜಾಲರಿಯ ಹಿಂದಿನ ಫಿಲ್ಟರ್ ತೆಗೆದಾಗ ಅದರ ತುಂಬ ಕಂದು ಬಣ್ಣದ ಧೂಳು. ಸಣ್ಣಗೆ ಹೊಗೆಸೊಪ್ಪಿನ ಘಾಟು ಬಂತು. ಮಾರುಕಟ್ಟೆಯಿಂದ ಬಂದ ಅವರ ಅಂಗಿಯಲ್ಲಿ ಇರುತ್ತಿದ್ದ ಅದೇ ವಾಸನೆ. ಒಂದು ನಿಮಿಷ ಇರಿ ಅನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಮೆಕ್ಯಾನಿಕ್ ಗಾಳಿ ಪೈಪು ಹಿಡಿದು ಎಲ್ಲವನ್ನೂ ಊದಿಬಿಟ್ಟರು.

ಅವತ್ತಿನಿಂದ ನಾನು ಬಲು ಎಚ್ಚರ. ನೆರಳು ನೋಡಿ ನಿಲ್ಲಿಸುತ್ತಿದ್ದೆ. ಹೊರಡುವ ಮೊದಲು ನಾಲ್ಕೂ ಬಾಗಿಲು ತೆಗೆದು ಒಳಗಿನ ಧಗೆ ಹೋಗಲು ಬಿಡುತ್ತಿದ್ದೆ. ಏಸಿಯನ್ನು ಹದವಾಗಿ ಹಾಕುತ್ತಿದ್ದೆ, ಜಾಲರಿಯ ಹತ್ತಿರ ಒಂದು ಕರವಸ್ತ್ರವನ್ನೂ ಇಡುತ್ತಿರಲಿಲ್ಲ. ಶಾಲೆ ಶುರುವಾದ ಮೇಲೆ ಬಸ್ಸು ಬಿಟ್ಟು ಕಾರಿನಲ್ಲೇ ಹೋಗಿಬರತೊಡಗಿದೆ. ಅವರಂತೆಯೇ ಬೀದಿ ತಿರುವಿನಲ್ಲಿ ಕಾಲು ಹಗುರ ಮಾಡುವುದು ನನಗೂ ಅಭ್ಯಾಸವಾಯಿತು. ಅವರು ಆಸೆಪಟ್ಟ ಗಾಡಿಯನ್ನು ಅವರು ಇಟ್ಟುಕೊಂಡಿದ್ದ ಹಾಗೇ ಇಟ್ಟುಕೊಂಡಿದ್ದೇನೆ ಎಂದು ಒಳಗೊಳಗೇ ಸಮಾಧಾನವೂ ಆಗುತ್ತಿತ್ತು.

ಆದರೆ ನಾನು ಬರುವ ಹೊತ್ತಿಗೆ ಅತ್ತೆ ಯಾಕೋ ಸರಿಯಾಗಿ ಮಾತಾಡುತ್ತಿರಲಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತು ನನ್ನನ್ನೊಮ್ಮೆ ನೋಡಿ ಒಳಗೆ ಹೋಗಿಬಿಡುವರು. ದೀಪ ಹಚ್ಚುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಮಗನ ಕಾರನ್ನು ಸೊಸೆ ಓಡಿಸುವುದು ಹಿಡಿಸಲಿಲ್ಲವೇನೋ ಅಂದುಕೊಂಡೆ.

ಒಂದು ದಿನ ಬೆಳಗಿನ ತಂಪಿನಲ್ಲಿ ಸರಿಯಾಗಿಯೇ ಇದ್ದ ಕಾರಿನ ಇಂಜಿನ್ ಸಂಜೆ ಅರಕಲಗೂಡು ಬಿಟ್ಟಾಗಿನಿಂದ ನಿಲ್ಲಲೇ ಇಲ್ಲ. ಅದೇ ಹಳದಿ ಎಚ್ಚರಿಕೆ. ರಸ್ತೆ ಬದಿಗೆ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದು ಬಗ್ಗಿ ನೋಡಿದೆ. ಜಾಲರಿಗೆ ಯಾರೋ ಒಂದು ಹಳೇ ಸೀರೆಯ ತುಂಡನ್ನು ನೀಟಾಗಿ ಮಡಿಸಿ ತುರುಕಿದ್ದರು. ಅತ್ತೆಯ ಸೀರೆ.

ಸಿಟ್ಟು ನೆತ್ತಿಗೇರಿತು. ಮನೆಗೆ ಬಂದವಳೇ ಬಟ್ಟೆಯನ್ನು ಅವರ ಮುಂದೆ ಹಿಡಿದೆ. "ಇದೇನು ಅತ್ತೆ? ಬ್ಯಾಟರಿ ಸುಟ್ಟು ಹೋಗಿದ್ದಿದ್ರೆ?"

ಅವರು ಇಲ್ಲವೆನ್ನಲಿಲ್ಲ. "ನಾನೇ ಮಡಗಿದ್ದು ಕಣವ್ವ. ಮುಚ್ಚಿದ್ರೆ ಸದ್ದು ಮಾಡ್ತದೆ ಅಂತ ಗ್ಯಾರೇಜ್ನ ಆವಪ್ಪ ಏಳಿದ್ನಲ್ಲ."

"ಸದ್ದು ಯಾಕೆ ಬೇಕು ನಿಮಗೆ?"

ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ನಾನು ನಿಂತೇ ಇದ್ದೆ.

"ಅವತ್ತು ನೀವೆಲ್ಲ ಆಸನದ ಆಸ್ಪತ್ರೇಲಿದ್ರಿ. ನಂಗ್ಯಾರೂ ಏನೂ ಏಳಿರ್ಲಿಲ್ಲ. ಅವನ ಜೊತೆ ಕೆಲ್ಸ ಮಾಡೋನು ರಾಮನಾಥಪುರದಿಂದ ಕಾರು ಬುಟ್ಟು ಓಗಕ್ಕೆ ಬಂದ. ಸದ್ದೇ ಇಲ್ಲ. ಜಲ್ಲಿ ಮ್ಯಾಲೆ ಚಕ್ರ ಉಳ್ಳಿದ್ದು ವಸಿ ಕೇಳುಸ್ತು, ಅಷ್ಟೇಯ. ನಾನು ಇಲ್ಲೇ ಸೊಪ್ಪು ಬಿಡುಸ್ತಾ ಕುಂತಿದ್ದೆ. ಬಂದು ಇಂದ್ಗಡೆ ನಿಂತ್ಕಂಡ. ಇವತ್ತು ಬೆಚ್ಚಬಾರದು ಅಂತ ನಗು ತಡ್ಕಂಡು, ತಿರುಗ್ದೆಲೇ ಅಂದೆ, 'ಮುದ್ದೆ ಬಿಸಿ ಅದೆ, ಕೈಕಾಲು ತೊಳ್ಕಂಡು ಬಾ ಮಗ.' ಮಾತೇ ಇಲ್ಲ. ತಿರುಗಿ ನೋಡುದ್ರೆ ಆವಪ್ಪ ಕೀ ಇಡ್ಕಂಡು ಅಳ್ತಾ ನಿಂತವ್ನೆ."

ಇದು ನನಗೆ ಗೊತ್ತೇ ಇರಲಿಲ್ಲ. ಅವತ್ತು ಮನೆಯಲ್ಲಿ ಅತ್ತೆಗೆ ವಿಷಯ ಯಾರು ಹೇಳಿದರು, ಹೇಗೆ ಹೇಳಿದರು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ನನ್ನ ದುಃಖವೇ ನನಗೆ ಸಾಕಾಗಿತ್ತು.

"ದಿನಾ ಸಂಜೆ ನೀನೂ ಅಂಗೇ ಬತ್ತೀಯ" ಎಂದರು. "ಒಂದು ಗಳಿಗೆ ಅವನೇ ಅಂದ್ಕಂಬುಡ್ತೀನಿ. ಎದ್ದು ಬಂದು ನೋಡುದ್ರೆ ನೀನು. ದಿನಾ ಇನ್ನೊಂದ್ಸಲ ಓಯ್ತಾನೆ ಕಣವ್ವ ಅವನು."

ಬಟ್ಟೆ ನನ್ನ ಕೈಯಲ್ಲೇ ಇತ್ತು. ಅವರ ಪಕ್ಕ ಕೂತೆ. "ಮಾರಿಬಿಡೋಣ ಅತ್ತೆ, ಈ ಕಾರೇ ಬೇಡ" ಅಂದೆ.

"ಬ್ಯಾಡ. ಅವನು ಇಷ್ಟಪಟ್ಟು ತಂದಿದ್ದು. ಅದಕ್ಕೇನೂ ಮಾಡಬ್ಯಾಡ." ಮತ್ತೆ ಅವರೇ ಕೇಳಿದರು, "ಬೀದಿ ತಿರುವ್ನಲ್ಲಿ ಒಂದು ಹಾರ್ನ್ ಒಡೀತೀಯಾ? ಅವನು ಒಂದಿನಾನೂ ಒಡೀತಿರ್ಲಿಲ್ಲ."

ಹಾಗೇ ಮಾಡಿದೆವು. ತಿರುವಿನಲ್ಲಿ ನಾನು ಹಾರ್ನ್ ಹೊಡೆಯುತ್ತಿದ್ದೆ, ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗೇಟಿನ ತನಕ ಬರುತ್ತಿದ್ದರು. ನಮ್ಮಿಬ್ಬರ ಮಾತೂ ಮೊದಲಿನಂತಾಯಿತು. ಶಾಲೆಯಲ್ಲಿ ಏನಾಯಿತು, ಅರಕಲಗೂಡಿನಲ್ಲಿ ಮಳೆ ಬಂತಾ ಎಂದೆಲ್ಲ ಕೇಳುವರು. ಬಾಗೂರಿಗೆ ಹೋಗುವಾಗ ಶಾಲು ಬಿಗಿಯಾಗಿ ಹೊದ್ದು ಏಸಿಯ ಚಳಿ ತಡೆದುಕೊಂಡು, ಚೀಲವನ್ನು ಜಾಲರಿಯಿಂದ ತಾವೇ ಆಚೆ ತಳ್ಳುತ್ತಿದ್ದರು.

ಕಾರ್ತಿಕದಲ್ಲಿ ಒಂದು ದಿನ ಪರೀಕ್ಷೆಯ ಗಲಾಟೆಯಲ್ಲಿ ತಲೆ ಕೆಟ್ಟುಹೋಗಿತ್ತು. ಹಾರ್ನ್ ಹೊಡೆಯುವುದು ಮರೆತೇ ಹೋಯಿತು. ಅಂಗಳದಲ್ಲಿ ಕಾರು ನಿಂತ ಮೇಲೆ ನೆನಪಾಯಿತು. ಚಪ್ಪಲಿಯನ್ನೂ ಬಿಡದೆ ಹಿತ್ತಿಲಿಗೆ ಓಡಿದೆ. ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ತಿರುಗಿ ನೋಡಲಿಲ್ಲ.

"ಮರೆತುಬಿಟ್ಟೆ ಅತ್ತೆ" ಅಂದೆ.

"ಇರ್ಲಿ ಬುಡು. ನೀನೇ ಅಂತ ಗೊತ್ತಾಯ್ತು."

"ಹೇಗೆ?"

ಅವರು ಕಾಳನ್ನು ಪಾತ್ರೆಗೆ ಹಾಕಿದರು. "ಚಕ್ರದ ಸದ್ದು ಕೇಳುಸ್ತು. ಅವನು ಅಂತ ಅನ್ನಿಸ್ಲೇ ಇಲ್ಲ ಕಣವ್ವ. ಒಂದು ಗಳಿಗೇನೂ ಅನ್ನಿಸ್ಲಿಲ್ಲ."

ಅದನ್ನು ಹೇಳುತ್ತ ಅವರು ಅತ್ತಿದ್ದು ಹಿಂದೆಂದೂ ಅತ್ತ ಹಾಗಿರಲಿಲ್ಲ. ಮಗ ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ನಾನು ಮೊರವನ್ನು ಅವರ ಮಡಿಲಿಂದ ತೆಗೆದುಕೊಂಡು, ಉಳಿದ ಕಾಯಿ ಸುಲಿಯುತ್ತ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆ.