ಗಿಳಿಯ ಕಲ್ಲು

ಈ ಸಂಗತಿಯನ್ನು ನಾನು ಹಲವು ಸಲ ಹೇಳಿದ್ದೇನೆ. ಹೇಳಿದಷ್ಟೂ ನನಗೇ ಅದರ ಮೇಲಿನ ನಂಬಿಕೆ ಕಡಿಮೆಯಾಗಿದೆ. ಪುಣೆಯ ಕಾಲೇಜಿನಲ್ಲಿ ಸಾಕ್ಷಿಯನ್ನು ಒರೆಗೆ ಹಚ್ಚುವುದನ್ನು ಕಲಿತ ಮೇಲಂತೂ ನನ್ನ ಕಣ್ಣುಗಳನ್ನೇ ಅನುಮಾನಿಸುತ್ತೇನೆ. ಅದಕ್ಕೇ ಅಕ್ಕ ಒಪ್ಪದಿರುವುದನ್ನು ಅವಳು ಒಪ್ಪುವುದಿಲ್ಲವೆಂದೇ ಬರೆಯುತ್ತೇನೆ.

ಆಗ ನನಗೆ ಒಂಬತ್ತು ವರ್ಷವಿರಬೇಕು. ಅಕ್ಕನ ಮದುವೆ ಗೊತ್ತಾಗಿತ್ತು. ಸೀರೆ ಕೊಳ್ಳಲು ಬೈಲಹೊಂಗಲದಿಂದ ಧಾರವಾಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೊರಟೆವು: ಅಪ್ಪ, ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಅಕ್ಕ ಮತ್ತು ನಾನು. ಅವ್ವ ಸಂಡಿಗೆ ಹಾಕಲು ಮನೆಯಲ್ಲೇ ಉಳಿದಳು. ದಾರಿಯಲ್ಲಿ ಕಿತ್ತೂರಿನ ಹಾಳು ಕೋಟೆಯಲ್ಲಿ ಇಳಿಯಲೇಬೇಕೆಂದು ಆಯಿ ಹಟ ಹಿಡಿದಿದ್ದಳು. ಅಪ್ಪನಿಗೂ ಅದು ಖುಷಿಯೇ. ಇದು ಬುರುಜು, ಇದು ಕಂದಕ ಎಂದು ನಮಗೆ ತೋರಿಸುತ್ತ ನಡೆದ.

"ನಿನ್ನ ಬುರುಜು ಇರ್ಲಿ ಬಿಡಪಾ," ಎಂದಳು ಆಯಿ. "ನೀ ಇಲ್ಲೇ ನಿಂದರು. ಮುಂದಿನದು ಹೆಂಗಸರ ಕೆಲಸ."

ಆಯಿಯ ತವರು ಕಿತ್ತೂರು. ಅವಳ ಅಜ್ಜ ಅರಮನೆಯ ಒಳಬಾಗಿಲ ಕಾವಲಿಗಿದ್ದು, ಯುದ್ಧದಲ್ಲಿ ಅಲ್ಲೇ ಸತ್ತನಂತೆ. ಅಂದಿನಿಂದ ಅವನ ಸಂತತಿಯ ಹೆಣ್ಣುಮಕ್ಕಳು ಮದುವೆಗೆ ಮುಂಚೆ ಅಲ್ಲಿಗೆ ಬಂದು, ಬಾಗಿಲ ಪಕ್ಕದ ಒಂದು ಕಲ್ಲಿಗೆ ಅರಿಷಿಣ ಹಚ್ಚಿ, ಎರಡೂ ಅಂಗೈ ಊರಿ ಹೋಗಬೇಕು. ಅದು ಯಾವ ಕಲ್ಲೆಂದು ಗಂಡಸರಿಗೆ ಹೇಳುವಂತಿರಲಿಲ್ಲ. ಆಯಿಗೆ ಹುಟ್ಟಿದವರೆಲ್ಲ ಗಂಡುಮಕ್ಕಳು. ಹೀಗಾಗಿ ತನ್ನ ಮದುವೆಯಾದ ಮೇಲೆ ಅವಳು ಮತ್ತೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಅಕ್ಕನ ಕೈ ಊರಿಸಿಯೇ ತಾನು ಕಣ್ಣು ಮುಚ್ಚುವುದು ಎನ್ನುತ್ತಿದ್ದಳು.

ನಾನಿನ್ನೂ ಗಂಡಸಲ್ಲ ಎಂದು ನನ್ನನ್ನು ಜೊತೆಗೆ ಬಿಟ್ಟುಕೊಂಡರು. ಬಾಗಿಲು ಸಿಕ್ಕಿತು. ಕಲ್ಲಿದ್ದ ಜಾಗದಲ್ಲಿ ನಾನು ಒಳಗೆ ಕೂರಬಹುದಾದಷ್ಟು ದೊಡ್ಡ ಪೊಳ್ಳು. ಆಯಿ ಕಣ್ಣನ್ನು ನಂಬದೆ ಕೈಯಿಂದ ತಡಕಿದಳು. ಅಲ್ಲಿ ಆಡು ಮೇಯಿಸುತ್ತಿದ್ದ ಮುದುಕನೊಬ್ಬ ನಕ್ಕ.

"ಏನ್ ಹುಡುಕತೀರಿ ಯವ್ವಾ? ಚಲೋ ಚಲೋ ಕಲ್ಲೆಲ್ಲಾ ಚಕ್ಕಡಿ ಏರಿ ಹೋಗ್ಯಾವ್ರಿ. ಈಗ ನಮ್ಮ ಅರಮನಿ ಸುತ್ತಲ ಹತ್ತ ಊರಾಗ ಐತಿ."

"ಎರಡು ಗಿಳಿ ಇದ್ದವೋ ಯಪ್ಪಾ, ಎದುರಾಬದುರಾ! ಎಡಗಡೀದಕ್ಕ ಚುಂಚ ಮುರದಿತ್ತು!" ಗುಟ್ಟನ್ನು ಮರೆತು ಆಯಿ ಕೂಗಿದಳು.

ಕೂಗು ಕೇಳಿ ಅಪ್ಪ ಓಡಿಬಂದ. ಗಿಳಿಯ ಮಾತು ಅವನ ಕಿವಿಗೂ ಬಿದ್ದಿತ್ತು. ಅವನು ನೆಲಕ್ಕೆ ಕುಸಿದ ಎಂಬುದು ನನ್ನ ನೆನಪು. ನಿಂತೇ ಇದ್ದ, ತಲೆಯ ಪಟಗಾ ಮಾತ್ರ ತೆಗೆದ ಎನ್ನುತ್ತಾಳೆ ಅಕ್ಕ. ಅವನು ಆಡಿದ ಮಾತಿನ ಬಗ್ಗೆ ನಮ್ಮಿಬ್ಬರಲ್ಲಿ ತಕರಾರಿಲ್ಲ.

"ಯವ್ವಾ, ಅದು ನಮ್ಮ ಬಚ್ಚಲದಾಗ ಐತಿ."

ನಾನು ಕೂಸಾಗಿದ್ದಾಗ, ಹೊಸ ಮನೆ ಕಟ್ಟಲು ಅಪ್ಪ ಹಳೆಯ ಕಲ್ಲು ತರಿಸಿದ್ದ. ಅದರಲ್ಲೊಂದರ ಮೇಲೆ ಗಿಳಿಗಳಿದ್ದವು. ಚಿತ್ರವನ್ನು ಯಾರೂ ತುಳಿಯಬಾರದೆಂದು ಅದನ್ನು ಬೋರಲು ಹಾಕಿಸಿ, ಹಿಂದಿನ ಮೈಯನ್ನು ಗೌಂಡಿಯಿಂದ ನುಣ್ಣಗೆ ಮಾಡಿಸಿದ್ದ. ಭಕ್ತಿಯಿಂದಲೇ ಮಾಡಿಸಿದ ಕೆಲಸ. ಮನೆ ಮುಗಿಯುವವರೆಗೆ ಆಯಿ ಹಳೆಯ ಮನೆಯಲ್ಲೇ ಇದ್ದಳು.

ಧಾರವಾಡಕ್ಕೆ ಹೋಗದೆ ತಿರುಗಿದೆವು. ದಾರಿಯುದ್ದಕ್ಕೂ ಆಯಿ ತನ್ನ ಅಂಗಾಲುಗಳನ್ನೇ ನೋಡುತ್ತಿದ್ದಳು.

"ದಿನಾ ಅದರ ಮ್ಯಾಲೆ ಕುಂತು ಜಳಕಾ ಮಾಡೇನಲ್ಲೋ."

ಮರುದಿನ ಬೆಳಿಗ್ಗೆ ಹಾರೆ ಹಾಕಿ ಕಲ್ಲನ್ನು ಎತ್ತಿ ಮಗುಚಿದರು. ಕೆಳಗಿನಿಂದ ಎದ್ದ ನಾತ, ಮಿಸುಕುವ ಎರೆಹುಳುಗಳು, ಇವು ನಿಜ. ಅಪ್ಪ ಕೊಡಗಟ್ಟಲೆ ನೀರು ಸುರಿದು ತಿಕ್ಕಿದ. ಗಿಳಿಗಳು ಕಂಡವು. ಎಡಗಡೆಯದರ ಮುರಿದ ಚುಂಚವನ್ನು ನಾನು ಕಂಡೆನೋ, ಆಯಿ ಹೇಳಿದ್ದಳೆಂದು ಕಂಡಂತಾಯಿತೋ, ಇಂದಿಗೂ ಹೇಳಲಾರೆ.

"ಗಂಡಸರು ಹೊರಗ," ಎಂದಳು ಆಯಿ.

ಅಪ್ಪ ಹೊರಬಂದ. ಈ ಸಲ ನನ್ನನ್ನೂ ಅಟ್ಟಿದರು. ಕದ ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಬಂದಳು. ಎರಡೂ ಅಂಗೈಗಳಲ್ಲಿ ಅರಿಷಿಣ, ಅದರ ಮೇಲೆ ಬಚ್ಚಲದ ಕರಿ ಕೆಸರು. ತೊಳೆದುಕೊಳ್ಳಬೇಕೋ ಬೇಡವೋ ತಿಳಿಯದೆ, ಕೈಗಳನ್ನು ಮುಂದೆ ಚಾಚಿಕೊಂಡು ಪಡಸಾಲೆಯಲ್ಲಿ ನಿಂತೇ ಇದ್ದಳು.